ಓಡಿದ ದೂರ ಗೆಲುವಿಗೆ ಕಾರಣವೇ?

ಮಾನ್ಯ ಸಂಪಾದಕರೇ,

ಲೆಸ್ಟರ್ ಸಿಟಿ ಎಂಬ ಸಾಮಾನ್ಯ ಫುಟ್‌ಬಾಲ್ ತಂಡ 2016ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದದ್ದಕ್ಕೆ ಆಟಗಾರರ ಫಿಟ್‌ನೆಸ್ ಅಂಕಿ-ಅಂಶಗಳೇ ಕಾರಣ ಎಂದು ವಾದಿಸುವ ಲೇಖನ ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಈಚೆಗೆ ಪ್ರಕಟವಾಗಿತ್ತು. ಮೂವತ್ತು ವರ್ಷ ಬೆಂಗಳೂರಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದು ಮಕ್ಕಳಿಗೆ ಫುಟ್‌ಬಾಲ್ ಕಲಿಸಿದ ನನಗೆ ಆ ವಾದದಲ್ಲಿ ಅರ್ಧದಷ್ಟು ಒಪ್ಪಿಗೆಯಾಯಿತು. ಉಳಿದರ್ಧ ನಮ್ಮ ಊರಿನ ಮಕ್ಕಳ ಕಾಲಿಗೇ ಪೆಟ್ಟು ಕೊಡುತ್ತಿರುವುದನ್ನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಪ್ಪುವ ಮಾತು. 2014ರ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದ ಲೆಸ್ಟರ್ ಆ ವರ್ಷ ಹೇಗೋ 14ನೇ ಸ್ಥಾನಕ್ಕೆ ಬಂದು ಉಳಿದುಕೊಂಡಿತು. ಮರುವರ್ಷ ಅದೇ ತಂಡ 38 ಪಂದ್ಯಗಳಲ್ಲಿ 23 ಗೆದ್ದು, 12 ಡ್ರಾ ಮಾಡಿಕೊಂಡು, ಕೇವಲ ಮೂರರಲ್ಲಿ ಸೋತು 81 ಅಂಕ ಗಳಿಸಿತು. ಎರಡನೆಯದಾಗಿ ಬಂದ ಆರ್ಸೆನಲ್ ಹತ್ತು ಅಂಕ ಹಿಂದೆ ಉಳಿಯಿತು. ಆ ಋತುವಿನಲ್ಲಿ ಹನ್ನೊಂದರ ಬಳಗವನ್ನು ಅತಿ ಕಡಿಮೆ ಬಾರಿ ಬದಲಿಸಿದ ತಂಡವೂ ಲೆಸ್ಟರ್, ಗಾಯಾಳುಗಳ ಸಂಖ್ಯೆ ಕಡಿಮೆ ಇದ್ದ ತಂಡಗಳ ಸಾಲಿನಲ್ಲಿದ್ದದ್ದೂ ಲೆಸ್ಟರ್. ಮ್ಯಾನೇಜರ್ ಕ್ಲಾಡಿಯೊ ರನೇರಿ ಆಟಗಾರರಿಗೆ ವಾರದಲ್ಲಿ ಎರಡು ದಿನ ಬಿಡುವು ಕೊಡುತ್ತಿದ್ದರು. ಯುರೋಪಿನ ದೊಡ್ಡ ಕ್ಲಬ್‌ಗಳನ್ನು 11 ಋತುಗಳ ಕಾಲ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲೂ, ಗಾಯಗಳು ಕಡಿಮೆಯಿದ್ದು ಹೆಚ್ಚು ಆಟಗಾರರು ಆಡಲು ಲಭ್ಯರಿದ್ದ ವರ್ಷ ತಂಡದ ಸ್ಥಾನ ಮೇಲೇರುತ್ತದೆ ಎಂಬುದು ಕಂಡುಬಂದಿತ್ತು. ಇಷ್ಟನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಗಾಯ ಕಡಿಮೆಯಾದದ್ದು ಏಕೆ ಎಂದು ಕೇಳಿದ ಕೂಡಲೇ ಲೆಕ್ಕ ಬೇರೆ ಕಡೆಗೆ ತಿರುಗುತ್ತದೆ. ಲೆಸ್ಟರ್‌ಗೆ ಆ ವರ್ಷ ಯುರೋಪಿನ ಟೂರ್ನಿಗಳಿರಲಿಲ್ಲ, ದೇಶದೊಳಗಿನ ಎರಡೂ ಕಪ್‌ಗಳಿಂದ ಅದು ಬೇಗನೆ ಹೊರಬಿದ್ದಿತು. ಎಲ್ಲ ಸೇರಿ ಅದು ಆಡಿದ್ದು 43 ಪಂದ್ಯ. ಕೊನೆಯವರೆಗೂ ಬೆನ್ನಟ್ಟಿ ಬಂದ ಟಾಟನ್‌ಹ್ಯಾಮ್ ಆಡಿದ್ದು 53. ವಾರಕ್ಕೆ ಎರಡು ಪಂದ್ಯ ಆಡಬೇಕಾದಾಗ ಸ್ನಾಯುಗಳ ಗಾಯ ಹೆಚ್ಚುತ್ತದೆ ಎಂಬುದು ಕ್ರೀಡಾ ವೈದ್ಯರೆಲ್ಲ ಬಲ್ಲ ಸಂಗತಿ. ಹೀಗಿರುವಾಗ ಲೆಸ್ಟರ್‌ನ ಆರೋಗ್ಯದ ಶ್ರೇಯಸ್ಸನ್ನು ಪೂರ್ತಿಯಾಗಿ ತರಬೇತಿಯ ವಿಜ್ಞಾನಕ್ಕೆ ಕೊಡುವುದು ಸರಿಯಲ್ಲ; ಅದರಲ್ಲಿ ದೊಡ್ಡ ಪಾಲು ಪಂದ್ಯಗಳ ವೇಳಾಪಟ್ಟಿಗೆ ಸೇರಬೇಕು, ಒಂದಿಷ್ಟು ಪಾಲು ಅದೃಷ್ಟಕ್ಕೂ ಸೇರಬೇಕು.

ಓಡಿದ ಕಿಲೋಮೀಟರ್ ಮತ್ತು ಸ್ಪ್ರಿಂಟ್‌ಗಳ ಲೆಕ್ಕದ ಬಗ್ಗೆ ನನ್ನ ಆಕ್ಷೇಪ ಇನ್ನೂ ಬಲವಾದದ್ದು. ಚೆಂಡು ನಮ್ಮ ಕಾಲಲ್ಲಿದ್ದರೆ ಎದುರಾಳಿ ಓಡಬೇಕು, ಎದುರಾಳಿಯ ಕಾಲಲ್ಲಿದ್ದರೆ ನಾವು ಓಡಬೇಕು. ಇದು ಮೈದಾನಕ್ಕಿಳಿದ ಹತ್ತು ವರ್ಷದ ಹುಡುಗನಿಗೂ ಗೊತ್ತಿರುವ ಸತ್ಯ. ಚೆಂಡನ್ನು ತನ್ನ ಬಳಿ ಇಟ್ಟುಕೊಳ್ಳುವುದರಲ್ಲಿ ಲೆಸ್ಟರ್ ಲೀಗ್‌ನ ಕೆಳಗಿನ ಕೆಲವೇ ತಂಡಗಳ ಸಾಲಿನಲ್ಲಿತ್ತು. ಅದು ಹಿಂದೆ ಸರಿದು ಕಾಯುತ್ತಿತ್ತು, ಚೆಂಡು ಸಿಕ್ಕೊಡನೆ ಎದುರಾಳಿ ರಕ್ಷಕರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಉದ್ದನೆಯ ಪಾಸ್ ಹೋಗುತ್ತಿತ್ತು, ಗೋಲು ಹೊಡೆಯುವ ಮುಂಚೂಣಿ ಆಟಗಾರ ಜೇಮಿ ವಾರ್ಡಿ ಅದರ ಬೆನ್ನು ಹತ್ತುತ್ತಿದ್ದರು. ಅವರು ಲೀಗ್‌ನಲ್ಲಿ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದದ್ದು, ಒಟ್ಟು 24 ಗೋಲು ಗಳಿಸಿದ್ದು ಈ ಬಗೆಯ ಆಟದಿಂದ. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಮೀರಿದರೆ ಸ್ಪ್ರಿಂಟ್ ಎಂದು ಎಣಿಸುವುದು ರೂಢಿ. ಆ ವೇಗ ಮುಟ್ಟಲು ಮುಂದೆ ಖಾಲಿ ಜಾಗ ಬೇಕು, ಆ ಜಾಗವನ್ನು ಒದಗಿಸುವುದು ತಂಡದ ಯೋಜನೆ. ಇದೇ ವಾರ್ಡಿಯನ್ನು ಎದುರಾಳಿಯ ಪೆನಾಲ್ಟಿ ಪ್ರದೇಶದ ಸುತ್ತ ಸಣ್ಣ ಸಣ್ಣ ಪಾಸ್ ಆಡುವ ತಂಡದಲ್ಲಿ ನಿಲ್ಲಿಸಿದ್ದರೆ ಅವರ ಸ್ಪ್ರಿಂಟ್ ಲೆಕ್ಕ ಇಳಿಯುತ್ತಿತ್ತು. ಅವರ ಕಾಲಿನ ಶಕ್ತಿ ಮಾತ್ರ ಎಳ್ಳಷ್ಟೂ ಕುಂದುತ್ತಿರಲಿಲ್ಲ. ಲೆಸ್ಟರ್‌ನ ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂಟೆ ಅವರ ಮಾತೂ ಅಷ್ಟೇ. ಅವರು ದಣಿವರಿಯದೆ ಓಡಿದ್ದು ನಿಜ. ಆದರೆ ಆ ವರ್ಷ ಲೀಗ್‌ನಲ್ಲಿ ಬೇರೆ ಯಾರೂ ಅವರಷ್ಟು ಬಾರಿ ಎದುರಾಳಿಯ ಪಾಸನ್ನು ನಡುವೆ ತಡೆಯಲಿಲ್ಲ, ಮತ್ತು ಪಾಸ್ ತಡೆಯಬೇಕಾದರೆ ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಅರಿತಿರಬೇಕು. ಆ ಅರಿವನ್ನು ಅಳೆಯುವ ಯಂತ್ರವನ್ನು, ಓಡಿದ ದೂರ ಅಳೆಯಲು ಆಟಗಾರರು ತೊಡುವ ಯಾವ ಜಾಕೆಟ್ಟಿನಲ್ಲೂ ಹೊಲಿದಿಲ್ಲ.

ಮರುವರ್ಷ ಏನಾಯಿತೆಂಬುದನ್ನೂ ನೋಡಬೇಕು. ಅದೇ ಕ್ಲಬ್, ಬಹುಪಾಲು ಅದೇ ಆಟಗಾರರು. ಕಾಂಟೆ ಚೆಲ್ಸಿಗೆ ಹೋದರು, ಚೆಲ್ಸಿ ಚಾಂಪಿಯನ್ ಆಯಿತು. ಲೆಸ್ಟರ್ ತಳದತ್ತ ಜಾರಿ 2017ರ ಫೆಬ್ರುವರಿಯಲ್ಲಿ ರನೇರಿ ಅವರನ್ನೇ ಕೈಬಿಟ್ಟಿತು, ಕೊನೆಗೆ 12ನೇ ಸ್ಥಾನ ಪಡೆಯಿತು. ಯುರೋಪಿನ ಚಾಂಪಿಯನ್ಸ್ ಲೀಗ್ ಟೂರ್ನಿಯ ಹೊರೆ ಆ ವರ್ಷ ಹೆಚ್ಚಾಗಿತ್ತಲ್ಲ ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳುವವರು ನನ್ನ ವೇಳಾಪಟ್ಟಿಯ ಮಾತನ್ನೇ ಒಪ್ಪಿದಂತಾಯಿತು.

ನಮ್ಮ ದೇಶದಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. 2016-17ರ ಐ-ಲೀಗ್ ಎಂಬ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ, ಮಿಜೋರಾಂನ ಐಜ್ವಾಲ್ ತಂಡ ಹಿಂದಿನ ವರ್ಷವಷ್ಟೇ ಕೆಳದರ್ಜೆಗೆ ಇಳಿದಿತ್ತು. ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಒಳಗೆ ಬಂದಿತ್ತು. ಖಾಲಿದ್ ಜಮೀಲ್ ಅವರ ತರಬೇತಿಯಲ್ಲಿ ಅದು ಮೋಹನ್ ಬಾಗಾನ್‌ಗಿಂತ ಒಂದೇ ಒಂದು ಅಂಕ ಮುಂದೆ ನಿಂತು ಪ್ರಶಸ್ತಿ ಗೆದ್ದಾಗ, ಗುಡ್ಡಗಾಡಿನ ಹುಡುಗರ ಶ್ವಾಸಕೋಶವೇ ಬೇರೆ ಎಂದು ನಮ್ಮ ಮೈದಾನದ ಕಟ್ಟೆಯ ಮೇಲೆ ಕೂತವರೂ ಹೇಳಿದ್ದುಂಟು. ಆ ಗುಡ್ಡವೂ ಆ ಶ್ವಾಸಕೋಶವೂ ತಂಡ ಕೆಳಗಿಳಿದ ವರ್ಷವೂ ಇದ್ದವಲ್ಲವೇ? ಸೋತ ತಂಡಗಳ ಫಿಟ್‌ನೆಸ್ ಲೆಕ್ಕವನ್ನು ಯಾರೂ ತೆಗೆದು ನೋಡುವುದಿಲ್ಲ. ಗೆದ್ದವರದನ್ನು ಮಾತ್ರ ನೋಡುತ್ತ ಹೋದರೆ ಅಲ್ಲಿ ಕಂಡದ್ದೆಲ್ಲ ಕಾರಣವೆಂದೇ ತೋರುತ್ತದೆ.

ಇದರಿಂದ ನಮಗೇನು ಎಂದು ಓದುಗರು ಕೇಳಬಹುದು. ಕರ್ನಾಟಕ ತಂಡ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಫುಟ್‌ಬಾಲ್ ಪ್ರಶಸ್ತಿಯಾದ ಸಂತೋಷ್ ಟ್ರೋಫಿ ತಂದ ನಂತರ ನಮ್ಮ ಬೀದಿಯಲ್ಲೇ ಮೂರು ಮನೆಗಳ ಮಕ್ಕಳು ಅಕಾಡೆಮಿಗೆ ಸೇರಿದರು. ಅವರಲ್ಲಿ ಹದಿಮೂರರ ಒಬ್ಬ ಹುಡುಗ ನಾನು ಕಂಡ ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲೊಬ್ಬ. ಚೆಂಡು ತನ್ನ ಬಳಿಗೆ ಬರುವ ಮುಂಚೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿ, ಎರಡೇ ಹೆಜ್ಜೆಯಲ್ಲಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಾನೆ. ಅದಕ್ಕೇ ಅವನು ಹೆಚ್ಚು ಓಡಬೇಕಾಗಿಲ್ಲ. ಅವನ ಅಕಾಡೆಮಿಯಲ್ಲಿ ಮಕ್ಕಳಿಗೆ ಜಿಪಿಎಸ್ ಜಾಕೆಟ್ ತೊಡಿಸಿ, ಪ್ರತಿ ಶನಿವಾರ ಓಡಿದ ದೂರದ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ಇವನ ಹೆಸರು ಕೊನೆಯಲ್ಲಿ ಬಂತು, ಎರಡು ಪಂದ್ಯ ಹೊರಗೆ ಕೂರಿಸಿದರು. ಆಮೇಲೆ ಹುಡುಗ ಚೆಂಡಿಲ್ಲದ ಕಡೆಗೂ ಸುಮ್ಮನೆ ಓಡತೊಡಗಿದ, ಮನೆಗೆ ಬಂದ ಮೇಲೆ ರಸ್ತೆಯಲ್ಲೂ ಸುತ್ತು ಹಾಕಿದ. ಪಟ್ಟಿಯಲ್ಲಿ ಮೇಲೆ ಬಂದ. ಮೂರನೇ ತಿಂಗಳಿಗೆ ಎರಡೂ ಹಿಮ್ಮಡಿ ನೋವು ಶುರುವಾಗಿ ಬೆಳಿಗ್ಗೆ ಹಾಸಿಗೆಯಿಂದೆದ್ದರೆ ಕಾಲೂರಲಾಗದೆ ಗೋಡೆ ಹಿಡಿದು ನಡೆಯುವಂತಾಯಿತು. ಬೆಳೆಯುವ ವಯಸ್ಸಿನ ಮೂಳೆಯ ಮೇಲೆ ಅತಿಯಾದ ಓಟ ಬಿದ್ದಾಗ ಬರುವ ನೋವು ಇದು. ವಿಶ್ರಾಂತಿಯೇ ಮುಖ್ಯ ಮದ್ದು. ಅವನು ಏಳು ವಾರ ಆಡಲಿಲ್ಲ. ಫಿಟ್‌ನೆಸ್ ಹೆಸರಿನಲ್ಲಿ ಇಟ್ಟ ಲೆಕ್ಕವೇ ಅವನನ್ನು ಮೈದಾನದಿಂದ ಹೊರಗಿಟ್ಟಿತು.

ನಾನು ಅಂಕಿ-ಅಂಶದ ವಿರೋಧಿಯಲ್ಲ. ನನ್ನ ಸೇವೆಯ ಉದ್ದಕ್ಕೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಯಾರು ಬಂದರು, ಯಾರಿಗೆ ಎಲ್ಲಿ ನೋವು, ರಾತ್ರಿ ಎಷ್ಟು ಹೊತ್ತು ಮಲಗಿದರು, ಹಿಂದಿನ ಪಂದ್ಯವಾಗಿ ಎಷ್ಟು ದಿನವಾಯಿತು ಎಂದು ಬರೆದಿಡುತ್ತಿದ್ದೆ. ಪರೀಕ್ಷೆಯ ವಾರದಲ್ಲಿ ನಿದ್ದೆಯ ಸಾಲು ಇಳಿದಂತೆ ನೋವಿನ ಸಾಲು ಏರುವುದನ್ನು ಕಂಡ ಮೇಲೆ ಆ ವಾರದ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿದೆ. ಆಟಗಾರ ಆಡಲು ಸಿದ್ಧನಿದ್ದಾನೆಯೇ ಎಂಬುದನ್ನಷ್ಟೇ ಅಂಥ ಲೆಕ್ಕ ಹೇಳಬಲ್ಲದು. ಲೆಸ್ಟರ್‌ಗೆ ಫಿಟ್‌ನೆಸ್ ಕೊಟ್ಟದ್ದೂ ಅದನ್ನೇ, ವಾರ ವಾರವೂ ಅದೇ ಹನ್ನೊಂದು ಜನರನ್ನು. ಅವರು ಏನು ಆಡಬೇಕೆಂಬುದನ್ನಲ್ಲ.

ಆದ್ದರಿಂದ ನಗರದ ಅಕಾಡೆಮಿಗಳು ಹದಿನಾರರೊಳಗಿನ ಮಕ್ಕಳನ್ನು ಓಡಿದ ದೂರದ ಮೇಲೆ ಸಾಲುಗಟ್ಟಿಸುವುದನ್ನು ನಿಲ್ಲಿಸಬೇಕು, ಅದರ ಬದಲು ಪ್ರತಿ ಮಗು ಎಷ್ಟು ದಿನ ನೋವಿನಿಂದ ಹೊರಗುಳಿಯಿತು ಎಂಬುದನ್ನು ಪೋಷಕರಿಗೆ ಬರಹದಲ್ಲಿ ತಿಳಿಸಬೇಕು ಎಂದು ಕೋರುತ್ತೇನೆ. ತಮ್ಮ ಕ್ರೀಡಾ ಪುಟದಲ್ಲಿ ಆಟಗಾರ ಓಡಿದ ಕಿಲೋಮೀಟರ್ ಅಚ್ಚಾಗುವಾಗ, ಆ ತಂಡದ ಬಳಿ ಚೆಂಡು ಎಷ್ಟು ಹೊತ್ತು ಇತ್ತು, ಹಿಂದಿನ ಪಂದ್ಯವಾಗಿ ಎಷ್ಟು ದಿನ ಕಳೆದಿತ್ತು ಎಂಬ ಎರಡು ಅಂಕಿಗಳನ್ನೂ ಪಕ್ಕದಲ್ಲಿ ಕೊಡಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ
ಆಸ್ಟಿನ್ ಟೌನ್, ಬೆಂಗಳೂರು