11 ಪುಟದ ಟಿಪ್ಪಣಿ

ಪ್ರೀತಿಯ ಪುಟ್ಟಿ,

ನೀನು ಡ್ರಾಮಟರ್ಗ್ ಆಗಿ, ಅಂದರೆ ಬರೆಯುವವರ ಜೊತೆ ಕೂತು ಹೊಸ ನಾಟಕವನ್ನು ತಿದ್ದಲು ನೆರವಾಗುವವಳಾಗಿ, ಬರೆದು ಕಳಿಸಿದ ಟಿಪ್ಪಣಿ ಸಿಕ್ಕಿತು. 11 ಪುಟ! ನಾಟಕವೇ 64 ಪುಟ ಅಂದೆಯಲ್ಲ. ಗುರುವಾರದ ಓದಿಗೆ ಮೊದಲೇ ಇದನ್ನು ನಾಟಕಕಾರನ ಕೈಗೆ ಕೊಡಲಾ ಅಂತ ಕೇಳಿದ್ದೀಯ. ಬೇಡ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತು ಮಾಡಿಕೊಂಡು ಓದು.

ನೀನು ಬರೆದದ್ದು ತಪ್ಪು ಅಂತಲ್ಲ. ಬಹಳ ಕಡೆ ಸರಿಯಾಗಿಯೇ ಹಿಡಿದಿದ್ದೀಯ. ಆದರೆ ಪುಟ ತಿರುವುತ್ತಾ ಹೋದ ಹಾಗೆ ನನಗೆ ಕಾಣಿಸಿದ್ದು ಅವನ ನಾಟಕ ಅಲ್ಲ, ನೀನಾಗಿದ್ದರೆ ಬರೆಯುತ್ತಿದ್ದ ನಾಟಕ. ‘ಇಲ್ಲಿ ತಂಗಿ ಮನೆ ಬಿಟ್ಟು ಹೋಗಬೇಕು’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೀಯ. ಯಾರಿಗೆ ಬೇಕು? ತಂಗಿಗಾ, ಅವನಿಗಾ, ನಿನಗಾ?

ನಾನೂ ಶುರುವಿನಲ್ಲಿ ಹೀಗೇ ಇದ್ದೆ. ಒಂದು ಹೊಸ ನಾಟಕ. ಎರಡನೇ ಅಂಕದಲ್ಲಿ ಮುದುಕಿಯೊಬ್ಬಳಿಗೆ ನಾಲ್ಕು ಪುಟದ ಮಾತು. ಮೇಜಿನ ಸುತ್ತ ಕೂತು ಓದುವಾಗ, ಅಲ್ಲಿಗೆ ಬಂದರೆ ಸಾಕು, ಎಲ್ಲರೂ ನೀರಿನ ಬಾಟಲಿಗೆ ಕೈ ಹಾಕುತ್ತಿದ್ದರು. ‘ಉದ್ದ ಆಯಿತು, ಕತ್ತರಿಸಿ’ ಅಂದೆ. ಬರೆದವಳು ಹೊಸಬಳು. ಪಾಪ, ನನ್ನ ಮಾತು ನಂಬಿ ರಾತ್ರಿಯೇ ಒಂದು ಪುಟಕ್ಕೆ ಇಳಿಸಿದಳು. ಮರುದಿನ ಓದಿದೆವು. ಆರು ನಿಮಿಷ ಉಳಿದಿತ್ತು, ನಾಟಕ ಸತ್ತಿತ್ತು. ಅವಳು ಆ ನಾಟಕ ಬರೆಯಲು ಕೂತದ್ದೇ ಆ ಮುದುಕಿಗೋಸ್ಕರ. ಎಡವಟ್ಟು ಇದ್ದದ್ದು ಅದರ ಹಿಂದಿನ ದೃಶ್ಯದಲ್ಲಿ. ಅಲ್ಲಿ ಮಗ ತಾಯಿಯ ಗುಟ್ಟನ್ನು ಎರಡೇ ಸಾಲಿನಲ್ಲಿ ಬಾಯಿಬಿಟ್ಟಿದ್ದ. ಗೊತ್ತಿರುವುದನ್ನೇ ನಾಲ್ಕು ಪುಟ ಯಾರು ಕೇಳುತ್ತಾರೆ? ಆ ಎರಡು ಸಾಲು ತೆಗೆದೆವು, ನಾಲ್ಕು ಪುಟ ವಾಪಸ್ ಹಾಕಿದೆವು. ಆಮೇಲೆ ಯಾರಿಗೂ ಬಾಯಾರಲಿಲ್ಲ.

ಬೇಜಾರು ಬರುವ ಜಾಗ ಒಂದು, ಅದರ ಬೇರು ಇರುವ ಜಾಗ ಇನ್ನೊಂದು. ದೊಡ್ಡವರಿಗೂ ಇದು ಚಟ್ಟನೆ ಹೊಳೆಯುವುದಿಲ್ಲ. 1962ರಲ್ಲಿ ‘ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್’ ಮ್ಯೂಸಿಕಲ್ (ಮಾತಿನ ಜೊತೆ ಹಾಡಿನಲ್ಲೂ ಕಥೆ ಹೇಳುವ ನಾಟಕ) ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇಗೆ ಬರುವ ಮೊದಲು ಬೇರೆ ಊರುಗಳಲ್ಲಿ ಪ್ರಯೋಗ ಕಂಡಿತು. ಹಾಸ್ಯ ನಾಟಕ, ಆದರೆ ಜನ ನಗುತ್ತಿಲ್ಲ. ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ಅವರನ್ನು ಕರೆಸಿದರು. ಅವರು ಕೈ ತೋರಿಸಿದ್ದು ಮೊದಲ ಹಾಡಿನ ಕಡೆಗೆ. ಅದು ಮೆಲು ದನಿಯ ಪ್ರೇಮದ ಹಾಡು. ಅದನ್ನು ಕೇಳಿದವರು ಬೇರೆಯೇ ನಾಟಕಕ್ಕೆ ಸಿದ್ಧರಾಗಿ ಕೂರುತ್ತಿದ್ದರು. ಅದರ ಹಾಡುಗಳನ್ನು ಬರೆದಿದ್ದ ಸ್ಟೀಫನ್ ಸಾಂಡ್‌ಹೈಮ್ ಹೊಸ ಆರಂಭದ ಹಾಡು ಬರೆದರು: ಇವತ್ತು ನಗೆನಾಟಕ ಅಂತ ನೇರವಾಗಿ ಹೇಳುವ ಹಾಡು. ಅಷ್ಟಾದ ಮೇಲೆ ಜನ ನಕ್ಕರು, ನಾಟಕ ಗೆದ್ದಿತು.

ಹಾಗಾಗಿ ನಿನ್ನ 11 ಪುಟವನ್ನು ಒಂದಕ್ಕೆ ಇಳಿಸು. ‘ಬೇಕು’ ಅಂತ ಇರುವ ಕಡೆಯೆಲ್ಲ ಪ್ರಶ್ನೆ ಇರಲಿ. ಸಲಹೆಗೆ ಪ್ರಶ್ನೆಯ ವೇಷ ಹಾಕಬೇಡ. ‘ತಂಗಿ ಯಾಕೆ ಮನೆ ಬಿಟ್ಟು ಹೋಗಲ್ಲ?’ ಅಂದರೆ ಅದು ಪ್ರಶ್ನೆ ಅಲ್ಲ, ಜಗಳ. ‘ಆ ರಾತ್ರಿ ತಂಗಿ ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತಿರುತ್ತಾಳೆ?’ ಅಂತ ಕೇಳಿ ನೋಡು. ಉತ್ತರ ಅವನಿಗೂ ಗೊತ್ತಿಲ್ಲದಿದ್ದರೆ ಅವತ್ತು ರಾತ್ರಿ ಅವನು ಮಲಗುವುದಿಲ್ಲ, ಬರೆಯುತ್ತಾನೆ. ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರಲ್ಲಿ ರೂಪಿಸಿದ ಒಂದು ಕ್ರಮ ಇದೆ, ಹುಡುಕಿ ಓದು. ಮೊದಲು ನೋಡಿದವರು ತಮಗೆ ಏನು ತಾಗಿತು ಅಂತ ಹೇಳಬೇಕು. ಆಮೇಲೆ ಕಲಾವಿದ ಕೇಳಬೇಕು, ನಂತರ ನೋಡಿದವರು ಕೇಳಬೇಕು. ಅಭಿಪ್ರಾಯ ಕೊನೆಗೆ, ಅದೂ ‘ಹೇಳಲಾ?’ ಅಂತ ಅನುಮತಿ ಕೇಳಿ. ಬೇಡ ಅನ್ನುವ ಹಕ್ಕು ಕಲಾವಿದನಿಗೆ ಇದೆ. ನನಗೆ ಮೊದಮೊದಲು ಇದು ಅತಿ ಮರ್ಯಾದೆ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ.

ಮ್ಯೂಸಿಕಲ್ ಕಡೆಗೂ ಹೋಗುತ್ತೇನೆ ಅಂದಿದ್ದೀಯ. ಹೋಗು, ಆದರೆ ಅಲ್ಲಿ ಗೋಳು ಮೂರು ಪಟ್ಟು ಜಾಸ್ತಿ. ಕಥೆ–ಸಂಭಾಷಣೆ ಒಬ್ಬರದು, ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು. ಏನಾದರೂ ಕೆಟ್ಟರೆ ತಪ್ಪು ಯಾವಾಗಲೂ ಉಳಿದಿಬ್ಬರದು. ಮೊದಲ ದಿನ ನಾನು ಮೂವರಿಗೂ ಒಂದೊಂದು ಚೀಟಿ ಕೊಡುತ್ತಿದ್ದೆ. ಈ ಕಥೆ ಯಾರದು, ಅವರಿಗೆ ಏನು ಬೇಕು, ಒಂದೇ ಸಾಲಿನಲ್ಲಿ ಬರೆಯಿರಿ ಅಂತ. ಮೂರು ಚೀಟಿಯಲ್ಲಿ ಮೂರು ನಾಟಕ ಇರುತ್ತಿತ್ತು. ಆ ಜಗಳ ಮೊದಲ ದಿನವೇ ಆಗಿಬಿಟ್ಟರೆ ಒಳ್ಳೆಯದು.

ಹಾಡಿನ ವಿಷಯಕ್ಕೆ ನನ್ನ ಪರೀಕ್ಷೆ ಸುಲಭದ್ದು. ಹಾಡು ಮುಗಿದಾಗ ಪಾತ್ರ ಶುರುವಿನಲ್ಲಿ ನಿಂತ ಜಾಗದಲ್ಲೇ ಇದ್ದರೆ ಹಾಡು ಎಷ್ಟೇ ಚೆನ್ನಾಗಿರಲಿ, ನಾಟಕ ಸುಮ್ನೆ ಕಾಯುತ್ತಾ ನಿಂತಿದೆ ಅಂತ ಅರ್ಥ. ತೆಗೆಯುವುದು ಮಾತ್ರ ಸುಲಭ ಅಲ್ಲ. ‘ನೆಕ್ಸ್ಟ್ ಟು ನಾರ್ಮಲ್’ ಮ್ಯೂಸಿಕಲ್ ಗೊತ್ತಲ್ವಾ? ಅದರ ಮೊದಲ ಹೆಸರು ‘ಫೀಲಿಂಗ್ ಎಲೆಕ್ಟ್ರಿಕ್’. 2008ರಲ್ಲಿ ನ್ಯೂಯಾರ್ಕ್‌ನ ಒಂದು ಸಣ್ಣ ರಂಗಮಂದಿರದಲ್ಲಿ ಆಡಿದ ಮೇಲೆ ಅದನ್ನು ನೇರ ಬ್ರಾಡ್‌ವೇಗೆ ಒಯ್ಯಲಿಲ್ಲ. ವಾಷಿಂಗ್ಟನ್ ಹತ್ತಿರಕ್ಕೆ ಒಯ್ದು ಮತ್ತೆ ತಿದ್ದಿದರು. ಒಮ್ಮೆ ಇಡೀ ನಾಟಕಕ್ಕೆ ಹೆಸರು ಕೊಟ್ಟಿದ್ದ ಹಾಡನ್ನೇ ತೆಗೆದರು. 2009ರಲ್ಲಿ ಬ್ರಾಡ್‌ವೇ, 2010ರಲ್ಲಿ ಪುಲಿಟ್ಜರ್ ಪ್ರಶಸ್ತಿ. ಆ ಹಾಡು ಬಿಡುವ ದಿನ ಬರೆದವರಿಗೆ ಹೇಗಾಗಿರಬೇಡ!

ಇನ್ನು ದುಡ್ಡಿನ ಮಾತು. ನಾಚಿಕೆ ಬಿಟ್ಟು ಓದು.

‘ರೆಂಟ್’ ಮ್ಯೂಸಿಕಲ್ ಬರೆದ ಜೊನಾಥನ್ ಲಾರ್ಸನ್ 1996ರ ಜನವರಿ 25ರಂದು ತೀರಿಕೊಂಡರು. ಮೊದಲ ಪ್ರಿವ್ಯೂ, ಅಂದರೆ ಅಧಿಕೃತ ಆರಂಭಕ್ಕೂ ಮುಂಚಿನ ಪ್ರದರ್ಶನ, ಇನ್ನೂ ಆಗಿರಲಿಲ್ಲ. ಆ ನಾಟಕದ ಡ್ರಾಮಟರ್ಗ್ ಲಿನ್ ಥಾಮ್ಸನ್. ಅವರ ಒಪ್ಪಂದದ ಸಂಭಾವನೆ 2000 ಡಾಲರ್. ನಾಟಕ ಜಗತ್ತನ್ನೇ ಸುತ್ತಿತು. ತಾನೂ ಸಹ ಲೇಖಕಿ ಅಂತ ಅವರು ಕೋರ್ಟಿಗೆ ಹೋದರು. 1998ರಲ್ಲಿ ಮೇಲಿನ ಕೋರ್ಟ್ ಕೂಡ ಒಪ್ಪಲಿಲ್ಲ. ಅವರು ಕೆಲಸ ಮಾಡಿಲ್ಲ ಅಂತ ಅಲ್ಲ. ಇಬ್ಬರೂ ಸೇರಿ ಲೇಖಕರು ಅನ್ನುವ ಉದ್ದೇಶ ಲಾರ್ಸನ್‌ಗೆ ಇರಲಿಲ್ಲ ಅಂತ. ಆಮೇಲೆ ಕೋರ್ಟಿನ ಹೊರಗೆ ರಾಜಿಯಾಯಿತು. ಯಾರದು ಸರಿ ಅಂತ ನಾನು ಇವತ್ತಿಗೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತೇನೆ. ನೀನು ಮಾತ್ರ ಮೊದಲ ಓದಿಗೆ ಮೊದಲೇ ಕಾಗದದ ಮೇಲೆ ಹಾಕಿಸು: ಎಷ್ಟು ದಿನ, ಎಷ್ಟು ದುಡ್ಡು, ಹೆಸರು ಎಲ್ಲಿ ಬರುತ್ತದೆ, ನಾಟಕ ಮುಂದೆ ಬೇರೆ ಕಡೆ ಹೋದರೆ ನಿನಗೇನು. ನನಗೆ ಒಂದು ಕಡೆ ಆ ‘ಎಲ್ಲಿ’ ಬರೆಸದೆ ಹೆಸರು ಕರಪತ್ರದ ಹಿಂಬದಿಗೆ, ವಂದನೆಗಳ ಪಟ್ಟಿಗೆ ಹೋಗಿತ್ತು. ದೀಪದವರ ನಂತರ. ನಗಬೇಡ.

ನಟರು ನಿನ್ನನ್ನು ಪರೀಕ್ಷಕಿಯ ಹಾಗೆ ನೋಡುತ್ತಾರೆ ಅಂತ ಬೇಸರ ಮಾಡಿಕೊಂಡಿದ್ದೀಯ. ಈ ಕೆಲಸಕ್ಕೆ ಮೊದಲಿಗರು ಅಂತ ಹೇಳುವ ಜರ್ಮನ್ ನಾಟಕಕಾರ ಲೆಸ್ಸಿಂಗ್ ಅವರ ಗತಿಯೂ ಅದೇ. 1767ರಲ್ಲಿ ಹ್ಯಾಂಬರ್ಗ್‌ನ ಹೊಸ ರಂಗಮಂದಿರ ಸೇರಿ, ಅಲ್ಲಿನ ನಾಟಕಗಳ ಬಗ್ಗೆಯೇ ಬರೆಯತೊಡಗಿದರು. ನಟರಿಗೆ ಸಿಟ್ಟು ಬಂತು. ಕೊನೆಗೆ ಅಭಿನಯದ ಮಾತೇ ಬಿಟ್ಟು ನಾಟಕದ ಬಗ್ಗೆ ಮಾತ್ರ ಬರೆದರು. ನಟರಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ನಿರ್ದೇಶಕರ ಕಿವಿಯಲ್ಲಿ ಹೇಳು.

ಗುರುವಾರ ಕೆಂಪು ಪೆನ್ ಒಯ್ಯಬೇಡ, ಪೆನ್ಸಿಲ್ ಸಾಕು. ಮುಂದಿನ ಸಾಲಿನಲ್ಲಿ ಕೂರಬೇಡ. ಗೋಡೆ ಪಕ್ಕ ಕೂತರೆ ಜನರ ಮುಖ ಕಾಣುತ್ತದೆ. ಕೆಮ್ಮಿದರೆ ಅಂಚಿನಲ್ಲಿ ಒಂದು ಚುಕ್ಕಿ, ಕಾಲು ಬದಲಿಸಿದರೆ ಒಂದು ಗೆರೆ. ಏನೂ ಸದ್ದಿಲ್ಲದ ಕಡೆ ಪುಟ ಖಾಲಿ ಇರಲಿ. ಮನೆಗೆ ಬಂದು ಚುಕ್ಕಿ ಇರುವ ಪುಟ ಬಿಟ್ಟು, ಅದಕ್ಕೂ ಎರಡು ಪುಟ ಹಿಂದೆ ಹೋಗಿ ಓದು. ಆಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ತಂಗಿ ಬಾಗಿಲ ಹತ್ತಿರ ನಿಂತಾಗ ಯಾರಾದರೂ ಕೆಮ್ಮಿದರಾ ಅಂತ ತಿಳಿಯಬೇಕು.

ನಿನ್ನ
ದೊಡ್ಡಮ್ಮ