ವಿಮಾನದ ಟೈಮು ಮನೆ ಬಾಗಿಲಿಂದ ಲೆಕ್ಕ ಹಾಕಿ

ಸಂಪಾದಕರಿಗೆ ನಮಸ್ಕಾರ,

ಶಿವಮೊಗ್ಗ ಬೆಂಗಳೂರು ವಿಮಾನದ ಸುದ್ದಿ ಬಂದಾಗೆಲ್ಲ ಒಂದೇ ಗಂಟೇಲಿ ಬೆಂಗಳೂರು ಅಂತಾನೇ ಬರೀತಾರೆ, ಅದನ್ನ ಓದಿದ ವಯಸ್ಸಾದವರು ಆಸ್ಪತ್ರೆಗೆ ಹೋಗೋಕೂ ವಿಮಾನದಲ್ಲೇ ಹೋಗೋಣ ಅಂತಾರೆ, ಅದಕ್ಕೇ ಈ ಪತ್ರ.

ನಮ್ಮ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್‌ನಿಂದ ಬೆಂಗಳೂರಿನ ದೇವನಹಳ್ಳಿ ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದ್ರೆ ಸುಮಾರು 240 ಕಿ.ಮೀ. ಅಷ್ಟೇ. 2023ರ ಆಗಸ್ಟ್ 31ಕ್ಕೆ ಮೊದಲ ಫ್ಲೈಟ್ ಬಂತಲ್ಲ, ಆ ಎಟಿಆರ್ ಅನ್ನೋ ಪುಟ್ಟ ಫ್ಯಾನಿನ ವಿಮಾನ ಗಂಟೆಗೆ 500 ಕಿ.ಮೀ. ಹತ್ತಿರ ಹೋಗುತ್ತೆ, ಅಂದ್ರೆ ಅರ್ಧ ಗಂಟೇಲಿ ಮುಗೀಬೇಕು. ಆದ್ರೆ ಟಿಕೆಟ್‌ನಲ್ಲಿ ಒಂದು ಗಂಟೆ ಮೇಲೇ ಇರುತ್ತೆ, ಯಾಕಂದ್ರೆ ವಿಮಾನ ನಿಂತ ಜಾಗ ಬಿಟ್ಟಾಗಿಂದ ಆ ಕಡೆ ಹೋಗಿ ನಿಲ್ಲೋ ತನಕ ಲೆಕ್ಕ. ದೇವನಹಳ್ಳೀಲಿ ಕಿಟಕಿಯಿಂದ ನೋಡಿ, ಮುಂದೆ ದೊಡ್ಡ ದೊಡ್ಡ ವಿಮಾನಗಳು ಸಾಲಾಗಿ ನಿಂತಿರುತ್ತೆ, ನಮ್ಮ ಪುಟ್ಟ ಫ್ಯಾನಿನ ವಿಮಾನ ಅದರ ಹಿಂದೆ ಗುರ್ ಅನ್ಕೊಂಡು ಕಾಯ್ತಾ ಇರುತ್ತೆ. ಮಳೆಗಾಲದಲ್ಲಿ ಮಲ್ನಾಡ್ ಮೋಡ ಕವಿದ್ರಂತೂ ಇನ್ನೂ ಲೇಟು.

ಇದು ಬರೀ ವಿಮಾನದ್ದಾಯ್ತು. ಜಯನಗರದವರು ಟ್ರಾಫಿಕ್‌ನಲ್ಲಿ ದೇವನಹಳ್ಳಿ ಮುಟ್ಟೋಕೆ ಎರಡು ಗಂಟೆ ಇಟ್ಕೋಬೇಕು, ಕೌಂಟರ್ ಒಂದು ಗಂಟೆ ಮುಂಚೇನೇ ಕ್ಲೋಸು ಅಂತ ಇನ್ನೂ ಬೇಗ ಹೊರಡಬೇಕು, ಆಮೇಲೆ ಸೆಕ್ಯುರಿಟಿ, ಆಮೇಲೆ ಈ ಕಡೆ ಇಳಿದು ಸೋಗಾನೆಯಿಂದ ಟ್ಯಾಕ್ಸಿ ಹಿಡಿದು ಊರಿಗೆ. ಎಲ್ಲಾ ಕೂಡಿದ್ರೆ ಐದು ಗಂಟೆ. ಜನಶತಾಬ್ದಿ ರೈಲು ಮೆಜೆಸ್ಟಿಕ್‌ನಿಂದ ಅರಸೀಕೆರೆ, ಬೀರೂರು, ಭದ್ರಾವತಿ ಮೇಲೆ ನಾಲ್ಕೂವರೆ ಗಂಟೆ ಆಸುಪಾಸಲ್ಲಿ ಶಿವಮೊಗ್ಗ ಪೇಟೆಗೇ ತಂದು ಬಿಡುತ್ತೆ, ದುಡ್ಡೂ ಎಷ್ಟೋ ಕಮ್ಮಿ.

ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ, ನಮ್ಮೂರಿಗೆ ಏರ್‌ಪೋರ್ಟ್ ಬಂದಿದ್ದಕ್ಕೆ ತುಂಬಾ ಖುಷಿ ಪಟ್ಟವನು ನಾನು. ದೆಹಲಿಗೋ ದುಬೈಗೋ ಹೋಗೋರಿಗೆ ಇದು ನಿಜವಾಗ್ಲೂ ಉಪಕಾರ, ದೇವನಹಳ್ಳೀಲಿ ಇಳಿದು ಅಲ್ಲೇ ಇನ್ನೊಂದು ಫ್ಲೈಟ್ ಹತ್ತಬಹುದು, ಸಿಟಿ ಟ್ರಾಫಿಕ್ ಮುಖಾನೇ ನೋಡೋದು ಬೇಡ. ಮೆಜೆಸ್ಟಿಕ್‌ನಲ್ಲಿ ರೈಲು ಇಳಿದು ಮತ್ತೆ 35 ಕಿ.ಮೀ. ಸೂಟ್‌ಕೇಸ್ ಎಳ್ಕೊಂಡು ಏರ್‌ಪೋರ್ಟ್‌ಗೆ ಹೋಗೋ ಕಷ್ಟ ತಪ್ಪುತ್ತೆ. ಹಾಗಾಗಿ ಫ್ಲೈಟಿನ ಟೈಮು ಇಡೋವಾಗ ಮುಂದಿನ ವಿಮಾನಗಳಿಗೆ ಹೊಂದೋ ಹಾಗೆ ಇಡಬೇಕು, ನಮ್ಮ ಜನಪ್ರತಿನಿಧಿಗಳು ಜೋರಾಗಿ ಕೇಳಬೇಕಾಗಿರೋದು ಇದನ್ನ.

ತಮ್ಮ ಪತ್ರಿಕೆಯವರಲ್ಲೂ ಒಂದು ವಿನಂತಿ. ಹೊಸ ಫ್ಲೈಟಿನ ಸುದ್ದಿ ಹಾಕೋವಾಗ ಹಾರೋ ಟೈಮಿನ ಪಕ್ಕದಲ್ಲೇ ಮನೆಯಿಂದ ಮನೆಗೆ ಎಷ್ಟು ಹೊತ್ತು, ರೈಲಲ್ಲಿ ಎಷ್ಟು, ಬಸ್ಸಲ್ಲಿ ಎಷ್ಟು ಅಂತ ಒಂದು ಸಾಲು ಹಾಕಿ, ಓದಿದವರು ಅವರವರ ಕೆಲಸಕ್ಕೆ ಯಾವುದು ಸರಿ ಅಂತ ಅವರೇ ನೋಡ್ಕೋತಾರೆ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ