ಕಚ್ಚಾ ಬೀಜಕ್ಕೆ ಎರಡೂವರೆ, ಗೋಡಂಬಿಗೆ ಎಪ್ಪತ್ತು: ವಾಣಿಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಸಚಿವರೇ,

ನಮಸ್ಕಾರ. ನಾನು ಕಾರ್ಕಳ ಕಡೆಯವನು. ನನ್ನ ಅಮ್ಮ ಇಪ್ಪತ್ತೆರಡು ವರ್ಷ ಬೀಜದ ಫ್ಯಾಕ್ಟರಿಯಲ್ಲಿ ದುಡಿದವರು. ನಮ್ಮ ಕಡೆ ಬೀಜ ಅಂದರೆ ಗೇರುಬೀಜವೇ, ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಬುತ್ತಿ ಹಿಡಿದು ಹೋದವರು ಸಂಜೆ ಬರುವಾಗ ಬೆರಳ ತುದಿಗಳು ಕಪ್ಪಾಗಿರುತ್ತಿದ್ದವು. ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಸುಲಿದು ಬರುತ್ತದೆ. ಆ ಕೈಗಳ ದುಡಿಮೆಯಿಂದಲೇ ನಾನು ಓದಿದ್ದು. ಹಾಗಾಗಿ ಈ ಪತ್ರ ನಮ್ಮ ಫ್ಯಾಕ್ಟರಿಗಳ ವಿರುದ್ಧ ಅಂತ ಯಾರೂ ತಿಳಿಯಬಾರದು.

ಅಮ್ಮ ಕತ್ತರಿಸುತ್ತಿದ್ದ ಬೀಜ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಗೋಣಿಚೀಲದಿಂದ. ಫ್ಯಾಕ್ಟರಿಯ ಹಳೇ ಗೋಣಿಗಳನ್ನು ಮನೆಗೆ ತರುತ್ತಿದ್ದರು. ಮಳೆಗಾಲದಲ್ಲಿ ಬಾಗಿಲ ಬಳಿ ಕಾಲು ಒರೆಸೋದಕ್ಕೆ ಅದೇ. ಒಂದು ಗೋಣಿಯ ಮೇಲೆ ‘ಕೊಟೊನೂ’ ಅಂತ ಮಾಸಿದ ನೀಲಿ ಅಕ್ಷರ. ಶಾಲೆಯ ಭೂಪಟದಲ್ಲಿ ಹುಡುಕಿದೆ. ಪಶ್ಚಿಮ ಆಫ್ರಿಕಾದ ಬೆನಿನ್ ಅನ್ನೋ ಪುಟ್ಟ ದೇಶದ ಬಂದರು ಅದು.

ಅದೇ ಬೆನಿನ್ ವಿಷಯಕ್ಕೇ, ಗೋಡಂಬಿಯ ಆಮದು ಸುಂಕದ ವಿಷಯಕ್ಕೇ ಈಗ ನಿಮಗೆ ಬರೆಯುತ್ತಿದ್ದೇನೆ.

2024ರ ಏಪ್ರಿಲ್‌ನಿಂದ ಬೆನಿನ್ ಕಚ್ಚಾ ಬೀಜದ ರಫ್ತು ನಿಲ್ಲಿಸಿದೆ. ಪ್ಯಾಟ್ರಿಸ್ ಟಾಲೊನ್ ಸರ್ಕಾರ ಇದನ್ನು ರಾತ್ರೋರಾತ್ರಿ ಮಾಡಿದ್ದಲ್ಲ, 2022ರಲ್ಲೇ ಹೇಳಿತ್ತು. ಕೊಟೊನೂನಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಗ್ಲೊ-ಜಿಗ್ಬೆ ಅನ್ನೋ ಕೈಗಾರಿಕಾ ವಲಯ ಕಟ್ಟಿದೆ. ಬೀಜ ಒಡೆಯೋ ಫ್ಯಾಕ್ಟರಿ, ಹತ್ತಿಯಿಂದ ಬಟ್ಟೆ ಮಾಡೋ ಗಿರಣಿ, ಎಲ್ಲ ಅಲ್ಲೇ. ತಮಾಷೆ ಏನಂದರೆ, ಅದನ್ನು ಬೆನಿನ್ ಜೊತೆ ಸೇರಿ ಕಟ್ಟಿದ ಅರೈಸ್ ಕಂಪನಿಯನ್ನು ಶುರು ಮಾಡಿದವರು ಗಗನ್ ಗುಪ್ತ, ಭಾರತ ಮೂಲದವರೇ. ನಮ್ಮವರೊಬ್ಬರು ಅಲ್ಲಿ ಫ್ಯಾಕ್ಟರಿಗೆ ಜಾಗ ಮಾಡಿಕೊಡುತ್ತಾರೆ, ನಮ್ಮ ಸುಂಕದ ಪಟ್ಟಿ ಆ ಫ್ಯಾಕ್ಟರಿಯ ಮಾಲಿಗೆ ಬಾಗಿಲು ಹಾಕುತ್ತದೆ.

ಆ ಬಾಗಿಲು ಯಾವುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಪತ್ರ ಓದುವ ಉಳಿದವರಿಗೆ ಗೊತ್ತಾಗಲಿ. 2018ರ ಬಜೆಟ್‌ನಲ್ಲಿ ಕಚ್ಚಾ ಬೀಜದ ಆಮದು ಸುಂಕವನ್ನು ಶೇ 5ರಿಂದ 2.5ಕ್ಕೆ ಇಳಿಸಿದಿರಿ. ಮರುವರ್ಷ, 2019ರ ಜುಲೈ ಬಜೆಟ್‌ನಲ್ಲಿ, ಸಿಪ್ಪೆ ತೆಗೆದ ಗೋಡಂಬಿಯ ಸುಂಕವನ್ನು ಶೇ 45ರಿಂದ 70ಕ್ಕೆ ಏರಿಸಿದಿರಿ. ಅದಕ್ಕೂ ಒಂದು ತಿಂಗಳ ಮೊದಲು ಕನಿಷ್ಠ ಆಮದು ಬೆಲೆ ಹೆಚ್ಚಿಸಿದ್ದಿರಿ: ಇಡೀ ಗೋಡಂಬಿಗೆ ಕಿಲೋಗೆ 720 ರೂಪಾಯಿ, ತುಂಡಿಗೆ 680. ಅದಕ್ಕಿಂತ ಕಡಿಮೆ ಬೆಲೆಯ ಮಾಲು ಒಳಗೆ ಬರುವ ಹಾಗಿಲ್ಲ. ಅಂದರೆ ನಾವು ಆಫ್ರಿಕಾಕ್ಕೆ ಹೇಳುತ್ತಿರೋದು ಇಷ್ಟೇ: ನೀವು ಬೆಳೆಯಿರಿ, ಸುಮ್ನೆ ಚೀಲಕ್ಕೆ ತುಂಬಿ ಕಳಿಸಿ, ಒಡೆಯೋ ಕೆಲಸ ನಮಗಿರಲಿ.

ಒಡೆಯೋ ಕೆಲಸದಲ್ಲೇ ದುಡ್ಡಿರೋದು, ಕೂಲಿ ಇರೋದು. ನಾಲ್ಕರಿಂದ ಐದು ಕಿಲೋ ಕಚ್ಚಾ ಬೀಜ ಒಡೆದರೆ ಒಂದು ಕಿಲೋ ಗೋಡಂಬಿ. ಉಳಿದದ್ದೆಲ್ಲ ಸಿಪ್ಪೆ. ಅಂದರೆ ಕೊಟೊನೂನಿಂದ ಮಂಗಳೂರಿಗೆ ಅಷ್ಟು ಸಾವಿರ ಕಿಲೋಮೀಟರ್ ಹಡಗಿನಲ್ಲಿ ಬರುತ್ತಿದ್ದದ್ದು ಮುಕ್ಕಾಲು ಪಾಲು ಸಿಪ್ಪೆ! ಇಲ್ಲಿ ಒಡೆದ ಗೋಡಂಬಿಯಲ್ಲಿ ಒಂದಿಷ್ಟು ಮತ್ತೆ ಯೂರೋಪಿಗೆ ಹೋಗುತ್ತಿತ್ತು, ಬಂದ ದಿಕ್ಕಿಗೇ. ಹಡಗಿನ ಎಣ್ಣೆಯ ಹೊಗೆ ಲೆಕ್ಕ ಹಾಕುವವರು ಇದನ್ನೂ ಒಮ್ಮೆ ಹಾಕಿ ನೋಡಲಿ. ಜಗತ್ತಿನ ಗೇರುಬೀಜದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋದು ಆಫ್ರಿಕಾದಲ್ಲಿ. ವಿಶ್ವಸಂಸ್ಥೆಯ ವ್ಯಾಪಾರ ವಿಭಾಗ ಅಂಕ್ಟಾಡ್ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಜಗತ್ತಿನಲ್ಲಿ ಆಮದಾಗುವ ಕಚ್ಚಾ ಬೀಜದಲ್ಲಿ ಶೇ 98ರಷ್ಟು ಹೋಗುತ್ತಿದ್ದದ್ದು ಎರಡೇ ದೇಶಗಳಿಗೆ, ಭಾರತ ಮತ್ತು ವಿಯೆಟ್ನಾಂ.

ಬೆನಿನ್ ಮಾಡಿದ್ದು ತಪ್ಪು, ವ್ಯಾಪಾರದ ನಿಯಮಕ್ಕೆ ವಿರುದ್ಧ ಅಂತ ಹೇಳುವವರು ನಿಮ್ಮ ಬಳಿ ಬರಬಹುದು. ಅವರಿಗೆ ಬಳ್ಳಾರಿಯ ಕಥೆ ನೆನಪು ಮಾಡಿ. ಬೇಲೆಕೇರಿ ಬಂದರಿನಿಂದ ನಮ್ಮ ಕೆಂಪು ಅದಿರು ಮಣ್ಣಿನ ಹಾಗೆ ಚೀನಾಕ್ಕೆ ಹೋಗುತ್ತಿತ್ತಲ್ಲ, ಆಗ ನಾವೆಲ್ಲ ಏನು ಹೇಳಿದೆವು? ಅದಿರು ಇಲ್ಲೇ ಉಕ್ಕಾಗಲಿ ಅಂದೆವು. 2010ರಲ್ಲಿ ರಾಜ್ಯ ಸರ್ಕಾರವೇ ರಫ್ತು ನಿಲ್ಲಿಸಿತು. ಆಮೇಲೆ ಸುಪ್ರೀಂ ಕೋರ್ಟೂ ಮಧ್ಯೆ ಬಂತು, ಮತ್ತೆ ರಫ್ತಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಬಳ್ಳಾರಿಯ ಅದಿರಿಗೆ ಸರಿಯಾದದ್ದು ಬೆನಿನ್‌ನ ಪರಾಕೂವಿನ ಗೇರುಬೀಜಕ್ಕೆ ಯಾಕೆ ತಪ್ಪಾಗಬೇಕು?

ಸಚಿವರೇ, ಮೊಜಾಂಬಿಕ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದರಲ್ಲಿ ನಮ್ಮ ಪಾಲೂ ಇದೆ.

ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರು ಗೋವೆಯಲ್ಲೂ ಬೇರು ಬಿಟ್ಟಿತು, ಮೊಜಾಂಬಿಕ್‌ನಲ್ಲೂ ಬಿಟ್ಟಿತು. 1970ರ ದಶಕದ ಶುರುವಿನವರೆಗೂ ಜಗತ್ತಿನಲ್ಲಿ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಅದು. ಅಲ್ಲಿ ಫ್ಯಾಕ್ಟರಿಗಳಿದ್ದವು, ಸಾವಿರಾರು ಹೆಂಗಸರು ಕೆಲಸ ಮಾಡುತ್ತಿದ್ದರು. ಆಮೇಲೆ ಅಂತರ್ಯುದ್ಧ. ಅದು ಮುಗಿದದ್ದು 1992ರಲ್ಲಿ. ಫ್ಯಾಕ್ಟರಿಗಳನ್ನು ಖಾಸಗಿಯವರಿಗೆ ಮಾರಿದರು. ಅವರು ಮಾಲು ತುಂಬಿ ಕೆಲಸ ಶುರು ಮಾಡುವಷ್ಟರಲ್ಲಿ ವಿಶ್ವಬ್ಯಾಂಕ್ ಷರತ್ತು ಹಾಕಿತು: ಕಚ್ಚಾ ಬೀಜದ ರಫ್ತು ತೆರಿಗೆ ಇಳಿಸಿ, ಇಲ್ಲದಿದ್ದರೆ ಸಾಲ ಇಲ್ಲ. ರೈತನಿಗೆ ಒಳ್ಳೇ ಬೆಲೆ ಸಿಗುತ್ತದೆ ಅನ್ನೋದು ಬ್ಯಾಂಕಿನ ವಾದ. ಪುಸ್ತಕದಲ್ಲಿ ನೋಡಿದರೆ ಸರಿಯೇ.

ತೆರಿಗೆ ಇಳಿಯಿತು. ಕಚ್ಚಾ ಬೀಜ ಹಡಗು ಹತ್ತಿತು. ಹೋದದ್ದು ಬಹುಪಾಲು ಭಾರತಕ್ಕೆ. ಕೆಲವೇ ವರ್ಷಗಳಲ್ಲಿ ಅಲ್ಲಿನ ದೊಡ್ಡ ಫ್ಯಾಕ್ಟರಿಗಳು ಒಂದೊಂದಾಗಿ ಬೀಗ ಹಾಕಿದವು. ಸುಮಾರು 10,000 ಕಾರ್ಮಿಕರಲ್ಲಿ ಹೆಚ್ಚಿನವರು ಮನೆಗೆ ಹೋದರು. ರೈತನಿಗಾದರೂ ಸಿಕ್ಕಿತಾ? ಮಾರ್ಗರೆಟ್ ಮೆಕ್‌ಮಿಲನ್, ಡ್ಯಾನಿ ರೋಡ್ರಿಕ್ ಮತ್ತು ಕರೆನ್ ವೆಲ್ಚ್ ಅನ್ನೋ ಅರ್ಥಶಾಸ್ತ್ರಜ್ಞರು 2002ರಲ್ಲಿ ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಸಾಧಾರಣ ಕುಟುಂಬಕ್ಕೆ ಸಿಕ್ಕ ಹೆಚ್ಚುವರಿ ಆದಾಯ ವರ್ಷಕ್ಕೆ 5.30 ಡಾಲರ್‌ಗಿಂತ ಜಾಸ್ತಿ ಇರಲಾರದು. ವರ್ಷಕ್ಕೆ! ಉಳಿದದ್ದು ಮಧ್ಯದ ವ್ಯಾಪಾರಿಗಳ ಜೇಬಿಗೆ. ಕೊನೆಗೆ ಅಲ್ಲಿನ ಸಂಸತ್ತೇ ತೆರಿಗೆಯನ್ನು ಮತ್ತೆ ಏರಿಸಿತು. ಅಷ್ಟು ಹೊತ್ತಿಗೆ ಫ್ಯಾಕ್ಟರಿ ಮುಳುಗಿತ್ತು.

ಆ ವರ್ಷಗಳು ನನಗೆ ಚೆನ್ನಾಗಿ ನೆನಪಿವೆ. ಅಮ್ಮನಿಗೆ ಕೆಲಸ ಜೋರಿತ್ತು. ರಜೆ ಕೇಳಿದರೆ ಮೇಸ್ತ್ರಿ ಬೈಯುತ್ತಿದ್ದರಂತೆ. ಮನೆಗೆ ಹೊಸ ಹೊಲಿಗೆ ಯಂತ್ರ ಬಂತು. ಆಗ ಬಂದ ಚೀಲಗಳಲ್ಲಿ ಮೊಜಾಂಬಿಕ್‌ನದ್ದು ಎಷ್ಟಿತ್ತೋ ನಾನು ಎಣಿಸಿದವನಲ್ಲ. ಆದರೂ ಆ ಕಥೆ ಓದಿದ ದಿನ ಹೊಲಿಗೆ ಯಂತ್ರದ ಕಡೆ ನೋಡಿದಾಗ ಒಂಥರಾ ಆಯಿತು. ಅಮ್ಮನ ತಪ್ಪೇನೂ ಇಲ್ಲ, ಅಲ್ವಾ? ಅವರಿಗೆ ಮೊಜಾಂಬಿಕ್ ಅನ್ನೋ ದೇಶ ಇದೆ ಅಂತಲೇ ಗೊತ್ತಿರಲಿಲ್ಲ. ಆದರೆ ನಿಮ್ಮ ಸಚಿವಾಲಯಕ್ಕೆ ಗೊತ್ತು.

ಗಿನಿ-ಬಿಸ್ಸಾವು ಅಂತ ಇನ್ನೊಂದು ದೇಶವಿದೆ. ಅದರ ರಫ್ತಿನಲ್ಲಿ ಶೇ 90ಕ್ಕಿಂತ ಜಾಸ್ತಿ ಗೇರುಬೀಜವೇ, ಅದೂ ಹೆಚ್ಚುಕಡಿಮೆ ಎಲ್ಲ ಕಚ್ಚಾ. ದೊಡ್ಡ ಗಿರಾಕಿ ನಾವು. ಅಲ್ಲಿನ ಹಳ್ಳಿಗಳಲ್ಲಿ ಬೀಜ ಕೊಟ್ಟು ಅಕ್ಕಿ ತೆಗೆದುಕೊಳ್ಳುತ್ತಾರೆ. ಒಂದು ಕಿಲೋ ಅಕ್ಕಿಗೆ ಎಷ್ಟು ಕಿಲೋ ಬೀಜ ಅನ್ನೋದೇ ಆ ವರ್ಷದ ಬರಗಾಲದ ಲೆಕ್ಕ. ಭತ್ತದ ಗದ್ದೆ ಬಿಟ್ಟು ಗೇರು ಹಾಕಿದವರು ಬೇರೆ ದೇಶದ ಅಕ್ಕಿಗೆ ಕಾಯುತ್ತಾರೆ. ಒಂದೇ ಬೆಳೆ, ಅದೂ ಕಚ್ಚಾ, ಅದಕ್ಕೆ ಒಂದೆರಡೇ ಗಿರಾಕಿ. ಸುಸ್ಥಿರ ಅಭಿವೃದ್ಧಿ ಅಂತ ಭಾಷಣದಲ್ಲಿ ಎಲ್ಲರೂ ಹೇಳುವ ಮಾತಿಗೆ ಇದು ತೀರಾ ಉಲ್ಟಾ.

ಹಾಗಂತ ರಫ್ತು ನಿಲ್ಲಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2018ರಲ್ಲಿ ತಾಂಜಾನಿಯಾದ ಅಧ್ಯಕ್ಷ ಮಗುಫುಲಿ, ವ್ಯಾಪಾರಿಗಳು ಕಡಿಮೆ ಬೆಲೆ ಹೇಳಿದರು ಅಂತ ಸಿಟ್ಟಾಗಿ, ಸೈನ್ಯದ ಟ್ರಕ್ಕುಗಳನ್ನು ಮ್ಟ್ವಾರಾಕ್ಕೆ ಕಳಿಸಿ ಬೀಜ ಕೊಂಡರು. ಕಿಲೋಗೆ 3,300 ಶಿಲ್ಲಿಂಗ್. ಕೊಂಡದ್ದೇನೋ ಆಯಿತು, ಮಾರೋದು ಯಾರು? ಗೋದಾಮಿನಲ್ಲಿ ಮಾಲು ಕೂತಿತು. ಬೆನಿನ್‌ನಲ್ಲೂ ಅದೇ ಭಯವಿದೆ. ಕೊಳ್ಳೋ ಫ್ಯಾಕ್ಟರಿಗಳು ನಾಲ್ಕಾರೇ ಇದ್ದರೆ ರೈತನಿಗೆ ಚೌಕಾಸಿ ಮಾಡಲು ಬಲವಿರುವುದಿಲ್ಲ. ಗಡಿ ದಾಟಿಸಿ ಟೋಗೊ ಕಡೆಗೆ ಮಾರುವ ಆಸೆ ಹುಟ್ಟುತ್ತದೆ. ಅಲ್ಲಿನ ಫ್ಯಾಕ್ಟರಿ ಉಳಿಯಬೇಕಾದರೆ ಅದರ ಗೋಡಂಬಿಗೆ ದೊಡ್ಡ ಮಾರುಕಟ್ಟೆ ಬೇಕು. ಜಗತ್ತಿನಲ್ಲೇ ಅತಿ ಹೆಚ್ಚು ಗೋಡಂಬಿ ತಿನ್ನುವವರು ನಾವು. ಲಾಡು, ಬರ್ಫಿ, ಪಾಯಸ, ಹೋಟೆಲಿನ ಗ್ರೇವಿ. ಆ ಮಾರುಕಟ್ಟೆಯ ಬೀಗದ ಕೈ ನಿಮ್ಮ ಬಳಿ ಇದೆ.

ಈಗ ಅಮ್ಮನ ಜೊತೆಗಾರರ ವಿಷಯ. ನೀವು ಕೇಳಿಯೇ ಕೇಳುತ್ತೀರಿ: ಗೋಡಂಬಿ ಹೊರಗಿನಿಂದ ಬಂದರೆ ಮಂಗಳೂರು, ಕಾರ್ಕಳ, ಕುಂದಾಪುರದ ಹೆಂಗಸರು ಎಲ್ಲಿಗೆ ಹೋಗಬೇಕು? ನ್ಯಾಯವಾದ ಪ್ರಶ್ನೆ. ಕೊಲ್ಲಂನಲ್ಲಿ ಫ್ಯಾಕ್ಟರಿಗಳು ಸಾಲುಸಾಲಾಗಿ ಮುಚ್ಚಿದ್ದನ್ನು ನೋಡಿದ್ದೇವೆ. 2019ರಲ್ಲಿ ನೀವು ಸುಂಕ ಏರಿಸಿದ್ದು ವಿಯೆಟ್ನಾಂನ ಅಗ್ಗದ ಮಾಲಿಗೆ ಹೆದರಿ, ಅದೂ ಗೊತ್ತು. ಆದರೆ ವಿಯೆಟ್ನಾಂ ನಮ್ಮನ್ನು ಹಿಂದೆ ಹಾಕಿದ್ದು ಯಂತ್ರದಿಂದ. ಆ ಏಟನ್ನು ತಡೆಯಲು ಕಟ್ಟಿದ ಗೋಡೆ ಬೆನಿನ್‌ಗೂ ಅಡ್ಡ ಬಂತು. ಇನ್ನೊಂದು ಮಾತು. ಕಾರ್ಖಾನೆ ನಡೆಸುವ ಪರಿಚಯದವರೊಬ್ಬರನ್ನು ಕೇಳಿದೆ. ಕತ್ತರಿಸುವ ಕೆಲಸಕ್ಕೆ ಊರಿನ ಹುಡುಗಿಯರು ಬರುತ್ತಿಲ್ಲ, ಯಂತ್ರ ಹಾಕಿದ್ದೇವೆ ಅಂದರು. ಬರಬೇಕು ಅಂತ ನಾನೂ ಹೇಳುವುದಿಲ್ಲ. ಅಮ್ಮನ ಬೆರಳು ನೋಡಿದವನು ನಾನು.

ಹಾಗಾಗಿ ನನ್ನ ಕೋರಿಕೆ ಹೀಗಿದೆ. 2008ರಲ್ಲಿ ದೆಹಲಿಯ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ, ತೀರಾ ಹಿಂದುಳಿದ ದೇಶಗಳ ಮಾಲಿಗೆ ಸುಂಕವಿಲ್ಲ ಅಂತ ನಾವು ಘೋಷಿಸಿದೆವು. ಈಗ ಅದರಲ್ಲಿ ಶೇ 98ಕ್ಕೂ ಹೆಚ್ಚು ಬಾಬ್ತುಗಳಿವೆ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕನಿಷ್ಠ ಆಮದು ಬೆಲೆ ಅನ್ನೋ ಅಡ್ಡಗಟ್ಟೆಗೆ ಸುಂಕ ಸೊನ್ನೆಯೋ ಎಪ್ಪತ್ತೋ ಅನ್ನೋ ಹಂಗಿಲ್ಲ. ಬೆನಿನ್, ಮೊಜಾಂಬಿಕ್, ತಾಂಜಾನಿಯಾ, ಗಿನಿ-ಬಿಸ್ಸಾವು, ನಾಲ್ಕೂ ಆ ಪಟ್ಟಿಯ ದೇಶಗಳೇ. ಅಲ್ಲೇ ಬೆಳೆದು ಅಲ್ಲೇ ಒಡೆದ ಗೋಡಂಬಿಯನ್ನು ಕನಿಷ್ಠ ಬೆಲೆಯಿಂದಲೂ ಸುಂಕದಿಂದಲೂ ಬಿಡಿಸಿ. ಒಂದೇ ಸಲ ಬೇಡ, ಐದಾರು ವರ್ಷದಲ್ಲಿ, ವರ್ಷಕ್ಕೆ ಇಷ್ಟು ಟನ್ ಅಂತ ಮಿತಿ ಇಟ್ಟು ಮಾಡಿ. ವಿಯೆಟ್ನಾಂನ ಮಾಲು ಬೆನಿನ್ ಹೆಸರಲ್ಲಿ ನುಸುಳದ ಹಾಗೆ ಮೂಲದ ಪ್ರಮಾಣಪತ್ರ ಬಿಗಿ ಮಾಡಿ.

ಆ ಐದಾರು ವರ್ಷ ನಮ್ಮ ಕರಾವಳಿಗೂ ಬೇಕು. ಒಡೆಯುವುದರಿಂದ ಮುಂದಿನ ಕೆಲಸಕ್ಕೆ, ಅಂದರೆ ಹುರಿಯುವುದು, ಮಸಾಲೆ ಹಚ್ಚುವುದು, ಪೊಟ್ಟಣ ಕಟ್ಟುವುದಕ್ಕೆ ನಮ್ಮವರು ಹೋಗಲಿ. ಅದಕ್ಕೆ ಸಾಲ ಕೊಡಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಒಳ್ಳೇ ತಳಿಗಳು ನಮ್ಮ ಗುಡ್ಡಗಳಿಗೂ ಬರಲಿ. ಇವತ್ತಿಗೂ ನಮ್ಮ ಫ್ಯಾಕ್ಟರಿಗಳಿಗೆ ಬೇಕಾದ ಬೀಜದಲ್ಲಿ ಅರ್ಧದಷ್ಟು ಹೊರಗಿನಿಂದಲೇ ಬರಬೇಕು ಅನ್ನೋದು ನಾಚಿಕೆಯ ವಿಷಯ.

ಬೆನಿನ್‌ಗೆ ನಮ್ಮ ತಜ್ಞರನ್ನು ಕಳಿಸುವುದಾದರೆ, ತಳಿಯ ಜೊತೆ ಕೊಕ್ಕಡದ ಕಥೆಯನ್ನೂ ಕಳಿಸಿ. ಸರ್ಕಾರಿ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದೆವು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ದೇಶದಲ್ಲೆಲ್ಲ ನಿಷೇಧಿಸಿದ್ದು 2011ರಲ್ಲಿ. ಬೆಳ್ತಂಗಡಿ ತಾಲೂಕಿನ ಆ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಇವತ್ತಿಗೂ ತಾಯಂದಿರು ಎತ್ತಿಕೊಂಡು ಓಡಾಡುತ್ತಾರೆ. ಇಳುವರಿ ಹೆಚ್ಚಿಸೋದು ಹೇಗೆ ಅಂತ ಹೇಳಿಕೊಡುವ ಮೊದಲು ಹೇಗೆ ಹೆಚ್ಚಿಸಬಾರದು ಅಂತ ಹೇಳಿಕೊಡಬಹುದಲ್ಲ.

2023ರ ಸೆಪ್ಟೆಂಬರಿನಲ್ಲಿ ಆಫ್ರಿಕನ್ ಒಕ್ಕೂಟವನ್ನು ಜಿ-20ಕ್ಕೆ ಸೇರಿಸಿಕೊಂಡದ್ದು ದೆಹಲಿಯಲ್ಲೇ. ಆ ಸಂಜೆ ಟಿವಿಯಲ್ಲಿ ನೋಡಿ ನನಗೂ ಖುಷಿಯಾಗಿತ್ತು.

ಸುಂಕದ ಪುಸ್ತಕದಲ್ಲಿ ಕಚ್ಚಾ ಬೀಜ 0801 31, ಸಿಪ್ಪೆ ತೆಗೆದ ಗೋಡಂಬಿ 0801 32. ಮೇಲೆ ಕೆಳಗೆ ಎರಡು ಸಾಲು. ಮುಂದಿನ ಫೆಬ್ರವರಿ 1ರಂದು ಬಜೆಟ್ ಕಾಗದ ಬಂದ ಕೂಡಲೇ ನಾನು ಮೊದಲು ತೆಗೆದು ನೋಡೋದು ಆ ಎರಡನೇ ಸಾಲನ್ನು.

ಇಂತಿ ನಿಮ್ಮ ವಿಶ್ವಾಸಿ,
ಬೀಜದ ಫ್ಯಾಕ್ಟರಿಯ ಕೆಲಸಗಾರ್ತಿಯ ಮಗ, ಕಾರ್ಕಳ